ತಗೀಲೇನ್ರಿ ಸರ?

ಕಳೆದೊಂದು ವರ್ಷದಿಂದ ನಾನು ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದೆ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಪೂಜೆ ಮಾಡಿ ಬಂದರೂ ಪರದೆಯ ಮೇಲೆ ಆ ಚುಕ್ಕೆಗಳ ಉಂಗುರ ಸುತ್ತುತ್ತಲೇ ಇರುತ್ತಿತ್ತು. ಚಹಾ ಮಾಡಿಕೊಂಡು ಬಂದು ಅದರ ಎದುರಿಗೆ ಕೂತು ಕುಡಿದ ಮೇಲೆ, ಯಾರೋ ಒತ್ತಾಯಕ್ಕೆ ಎಬ್ಬಿಸಿದಂತೆ ಒಲ್ಲದ ಮನಸ್ಸಿನಿಂದ ಎದ್ದು ಕೂಡುತ್ತಿತ್ತು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಇದಕ್ಕಿಂತ ತಡವಾಗಿ ಏಳುವವನು ನಮ್ಮ ಎದುರು ಮನೆಯವನೊಬ್ಬನೇ. ಅವನ ಹೆಸರು ಬೇಡ. ಅವನು ಇದನ್ನು ಓದುವುದಿಲ್ಲ, ಆದರೆ ಅವನ ಹೆಂಡತಿ ಓದುತ್ತಾಳೆ.

ನನಗೆ ಅದರ ಮೇಲೆ ಸಿಟ್ಟೇನೂ ಇರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಕೂತಲ್ಲಿಂದ ಏಳಬೇಕಾದರೆ ಮೊದಲು ಮೊಣಕಾಲಿಗೆ ಹೇಳಬೇಕು, ಆಮೇಲೆ ಗೋಡೆ ಹಿಡಿಯಬೇಕು, ಆಮೇಲೆ ‘ಶಿವನೇ’ ಅನ್ನಬೇಕು. ಇಷ್ಟೆಲ್ಲ ಮಾಡಿಕೊಂಡು ಏಳುವವನು ಇನ್ನೊಂದು ಮುದಿ ಜೀವಕ್ಕೆ ನಿಧಾನ ಯಾಕೆ ಅಂತ ಕೇಳುವುದು ಮರ್ಯಾದೆಯಲ್ಲ. ಅದೂ ಅಲ್ಲದೆ ಇಡೀ ದಿನದಲ್ಲಿ ನನಗೆ ಅದರಿಂದ ಆಗಬೇಕಾದ ಕೆಲಸ ಒಂದೇ ಒಂದು. ಆ ಕೆಲಸ ಏನೆಂದು ಹೇಳಬೇಕಾದರೆ ಮೊದಲು ನನ್ನ ಹೆಂಡತಿಯ ವಿಷಯ ಹೇಳಬೇಕು.

ನನಗೆ ಶಾಸನಗಳ ಹುಚ್ಚು. ರಜೆ ಬಂದರೆ ಹಿರೇಕೆರೂರಿನ ಬಸ್ಸು ಹತ್ತಿ ಅಬಲೂರಿಗೋ ಇನ್ಯಾವ ಊರಿಗೋ ಹೋಗಿ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅಕ್ಷರ ಬರೆದುಕೊಳ್ಳುವುದು. ಸವೆದ ಅಕ್ಷರ ಎದುರು ಬಿಸಿಲಿನಲ್ಲಿ ಕಾಣುವುದಿಲ್ಲ, ಬೆಳಕು ಓರೆಯಾಗಿ ಬೀಳಬೇಕು. ಅದಕ್ಕೆ ಅವಳು ಮನೆಯಿಂದ ನನ್ನ ಗಡ್ಡ ಹೆರೆಯುವ ಕನ್ನಡಿ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಳು. ಪಕ್ಕದಲ್ಲಿ ನಿಂತು ಬಿಸಿಲನ್ನು ಹಿಡಿದು ಕಲ್ಲಿನ ಮೇಲೆ ಅಡ್ಡ ಚೆಲ್ಲುತ್ತಿದ್ದಳು. ಬೇಸರವಾದಾಗ ನನ್ನ ಬೋಳುತಲೆಯ ಮೇಲೂ ಚೆಲ್ಲುತ್ತಿದ್ದಳು. ನಾನು ತಲೆ ಎತ್ತಿದರೆ ಬೇರೆ ಕಡೆ ನೋಡುತ್ತಿದ್ದಳು. ಹೀಗೆ ನಲವತ್ತೊಂದು ನೋಟ್‌ಬುಕ್ಕು ತುಂಬಿದವು.

ಅವನ್ನು ಟೈಪು ಮಾಡುವುದು ದೊಡ್ಡ ಕೆಲಸವಾಯಿತು. ನಾನು ಎರಡೇ ಬೆರಳಿನಲ್ಲಿ ಒತ್ತುವವನು. ಪುಟ ನೋಡಿ ಕೀಲಿಮಣೆ ನೋಡುವಷ್ಟರಲ್ಲಿ ಸಾಲು ತಪ್ಪುತ್ತಿತ್ತು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದೇ ನೋಟ್‌ಬುಕ್ಕು ಗಟ್ಟಿಯಾಗಿ ಓದುವುದು, ಅದು ರೆಕಾರ್ಡ್ ಆಗುವುದು, ಆಮೇಲೆ ನಾನು ಬಿಡುವಿದ್ದಾಗ ಕೇಳಿ ಟೈಪು ಮಾಡುವುದು. ಎರಡು ಚಳಿಗಾಲ ಹೀಗೆ ಓದಿದಳು. ಅವಳು ಓದುವಾಗ ನಾನು ಒಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದೆ. ಆ ಗೊರಕೆಯೂ ಅದರಲ್ಲಿದೆ, ಅವಳು ಅದರ ಬಗ್ಗೆ ಹೇಳಿದ್ದೂ ಇದೆ. ಬರೀ ಶಾಸನ ಓದುವ ಹೆಂಗಸಲ್ಲ ಅವಳು. ನಡುನಡುವೆ, “ಇದೇನ ಅಕ್ಷರಾನೋ ಇರಿವಿ ಹರದಾಡ್ಯಾವೋ” ಅನ್ನುತ್ತಾಳೆ. ಹಾಲಿನವನ ಜೊತೆ ಮಾತಾಡಿ ಬರುತ್ತಾಳೆ. ಶಾಸನದ ಕೊನೆಗೆ ಶಾಪ ಇರುತ್ತದಲ್ಲ, ಈ ಧರ್ಮವನ್ನು ಅಳಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು, ಅಂದರೆ ಆಕಳನ್ನು, ಕೊಂದ ಪಾಪ ಬರಲಿ ಅಂತ, ಅದನ್ನು ಮಾತ್ರ ಬಹಳ ಹುರುಪಿನಿಂದ ಓದುತ್ತಾಳೆ. “ಇದನ್ನ ಕೆತ್ತಿದಾಂವ ಭಾಳ ಸಿಟ್ಟಿನಾಂವ ಇರಬೇಕು, ಮನ್ಯಾಗ ಏನರ ಜಗಳಾಡಿ ಬಂದಿದ್ನೋ ಏನೋ” ಅಂತ ಒಂದು ಕಡೆ ಟಿಪ್ಪಣಿಯೂ ಇದೆ. ನನಗೆ ತಿಳಿದ ಯಾವ ವಿದ್ವಾಂಸರೂ ಹೀಗೆ ಯೋಚಿಸಿದ್ದಿಲ್ಲ.

ಮೂರು ವರ್ಷದ ಹಿಂದೆ ಅವಳು ತೀರಿಕೊಂಡಳು. ಆಗ ನಾನು ಟೈಪು ಮಾಡಿ ಮುಗಿಸಿದ್ದು ಐದೋ ಆರೋ ನೋಟ್‌ಬುಕ್ಕು. ಉಳಿದವನ್ನು ಆಮೇಲೆ ಒಂದೊಂದಾಗಿ ಕೇಳುತ್ತ ಬಂದೆ. ಕೇಳಿ ಮುಗಿದದ್ದರ ಹೆಸರಿನ ಮುಂದೆ ‘ಆಯ್ತು’ ಅಂತ ಬರೆಯುತ್ತಿದ್ದೆ. ಒಂಬತ್ತು ಉಳಿದಾಗ ನಿಲ್ಲಿಸಿಬಿಟ್ಟೆ. ಆ ಒಂಬತ್ತರಲ್ಲಿ ಅವಳು ಏನು ಹೇಳಿದ್ದಾಳೋ ನನಗೆ ಗೊತ್ತಿಲ್ಲ. ಹಾಲಿನವನಿಗೆ ಹೇಳಿದ್ದೇ ಇರಬಹುದು. ಆದರೆ ಅವು ಇರುವ ತನಕ ಅವಳು ನನಗೆ ಹೇಳಬೇಕಾದ ಮಾತು ಇನ್ನೂ ಬಾಕಿ ಇದೆ ಅಂತ ನನ್ನ ಲೆಕ್ಕ. ಹಾಗಾಗಿ ಹೊಸದನ್ನು ಮುಟ್ಟದೆ, ‘ಆಯ್ತು’ ಅಂದವನ್ನೇ ದಿನಕ್ಕೊಂದು ಕೇಳುತ್ತಿದ್ದೆ. ನನ್ನ ಲ್ಯಾಪ್‌ಟಾಪಿಗೆ ಇದ್ದ ಒಂದೇ ಕೆಲಸ ಇದು.

ಹಿರೇಕೆರೂರಿನಲ್ಲಿರುವ ಮಗಳು ಬಂದಾಗಲೆಲ್ಲ, “ಅಪ್ಪಾ, ಅವ್ವನ ದನಿ ನನಗೂ ಒಂದ ಪೆನ್‌ಡ್ರೈವಿಗೆ ಹಾಕಿ ಕೊಡಪಾ” ಅನ್ನುತ್ತಿದ್ದಳು. ಹೂಂ ಅನ್ನುತ್ತಿದ್ದೆ, ಕೊಡುತ್ತಿರಲಿಲ್ಲ. ಕೊಟ್ಟರೆ ಅವಳು ಆ ಒಂಬತ್ತನ್ನೂ ಒಂದೇ ದಿನ ಕೂತು ಕೇಳಿ, ಸಂಜೆ ಫೋನು ಮಾಡಿ ಅವ್ವ ಏನಂದಾಳ ಗೊತ್ತೇನು ಅಂತ ಹೇಳಿಬಿಡುತ್ತಾಳೆ. ಹೆತ್ತ ಮಗಳ ಮೇಲೆ ಇಂಥ ಹೊಟ್ಟೆಕಿಚ್ಚು ಇಟ್ಟುಕೊಂಡವನು ನಾನು. ಒಪ್ಪಿಕೊಂಡಿದ್ದೇನೆ, ಇನ್ನು ಬೈಯಬೇಡಿ.

ಈ ಚೈತ್ರದಲ್ಲಿ ಯಂತ್ರ ಕೈಕೊಡತೊಡಗಿತು. ಅವಳು ಓದುತ್ತ ಓದುತ್ತ ತಡವರಿಸಿ ನಿಲ್ಲುತ್ತಿದ್ದಳು. ‘ಕವಿ’ ಅಂದು ನಿಂತರೆ, ‘ಲೆ’ ಬರುವುದಕ್ಕೆ ನಾನು ಎದ್ದು ನೀರು ಕುಡಿದು ಬರಬಹುದಾಗಿತ್ತು. ಬದುಕಿದ್ದಷ್ಟು ದಿನ ಒಂದು ಮಾತಿಗೂ ತಡವರಿಸದವಳು. ಹಾಗೆ ಕೇಳುವುದು ನನ್ನಿಂದ ಆಗಲಿಲ್ಲ. ಶಿಗ್ಗಾವಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಈಗ ಅವಳಿಗೇ ಇಬ್ಬರು ಮಕ್ಕಳು. ಯಂತ್ರವನ್ನು ಶಾಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ರೇಣುಕಾ ಅದನ್ನು ಬೋರಲು ಹಾಕಿ, ಬೆನ್ನಿನ ಸ್ಕ್ರೂ ಬಿಚ್ಚಿ, ಉಫ್ ಅಂತ ಊದಿದಳು. ಹನ್ನೆರಡು ವರ್ಷದ ಧೂಳು ಎದ್ದು ಇಬ್ಬರೂ ಸೀನಿದೆವು. “ಸರ, ಮಷಿನ್ ಗಟ್ಟಿ ಐತ್ರಿ. ಹಾರ್ಡ್ ಡಿಸ್ಕ್ ಸುಸ್ತಾಗೇತಿ, ನೆಪ್ಪೂ ಕಡಿಮಿ ಐತಿ. ಹೊಸ ಡಿಸ್ಕ್ ಹಾಕಿ, ರ‍್ಯಾಮ್ ಎರಡರಷ್ಟು ಮಾಡ್ತೇನಿ. ಹಳೇದ್ರಾಗಿಂದೆಲ್ಲಾ ಹೊಸದಕ್ಕ ಇಳಸ್ತೇನಿ. ನೀವು ಸಂಜಿಕೆ ಬರ್ರಿ” ಅಂದಳು. ನೆಪ್ಪು ಅಂದರೆ ನೆನಪು. ಪೇಟೆಯಲ್ಲಿ ಅದನ್ನು ಎರಡರಷ್ಟು ಮಾಡಿಸಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ನನಗೆ ಇದ್ದದ್ದೇ ಹೆಚ್ಚಾಗಿತ್ತು.

ಸಂಜೆಯವರೆಗೆ ಏನು ಮಾಡುವುದು ಅಂತ ಸವಣೂರಿಗೆ ಹೋದೆ. ಅದು ನನ್ನ ಹೆಂಡತಿಯ ತವರೂರು. ಈಗ ಅಲ್ಲಿ ನಮ್ಮವರು ಅಂತ ಯಾರೂ ಉಳಿದಿಲ್ಲ, ಆದರೆ ವೀಳ್ಯದೆಲೆಯ ನೆವ ಉಳಿದಿದೆ. ಸವಣೂರ ಎಲೆ ಬಿಟ್ಟು ಬೇರೆ ಎಲೆ ಹಾಕಿಕೊಂಡರೆ ಅವಳು ನನ್ನನ್ನು ಅನಾಗರಿಕ ಅನ್ನುತ್ತಿದ್ದಳು. ಎಲೆ ಮಾರುವವನ ಮುಂದೆ ಕೂತು ಆರಿಸುತ್ತಿದ್ದಾಗ ರೇಣುಕಾಳ ಫೋನು ಬಂತು. ಹಿಂದೆ ಒಬ್ಬ ಕಂಡಕ್ಟರು ಕೂಗುತ್ತಿದ್ದ.

“ಸರ, ಇದರಾಗ ‘ಮನಿ’ ಅಂತ ಒಂದು ಫೋಲ್ಡರ್ ಐತ್ರಿ. ಭಾಳ ದೊಡ್ಡದೈತಿ. ತಗೀಲೇನ್ರಿ?”

ಫೋಲ್ಡರಿಗೆ ಆ ಹೆಸರು ನಾನೇ ಇಟ್ಟದ್ದು. ನಮ್ಮ ಕಡೆ ನನ್ನ ವಯಸ್ಸಿನವರು ಹೆಂಡತಿಯ ಹೆಸರು ನಾಲ್ಕು ಮಂದಿಯ ಮುಂದೆ ಹೇಳುವುದಿಲ್ಲ. ‘ಮನ್ಯಾಗ ಕೇಳಿ ಹೇಳ್ತೇನಿ’ ಅಂದರೆ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂತ ಅರ್ಥ. ಕಂಪ್ಯೂಟರಿನ ಮುಂದೆಯೂ ನನಗೆ ಆ ನಾಚಿಕೆ ಬಿಡಲಿಲ್ಲ, ‘ಮನಿ’ ಅಂತ ಬರೆದೆ. ಈ ಹುಡುಗಿ ಎಷ್ಟು ಮರ್ಯಾದಸ್ಥೆ, ಸರ್ ಮನೆಯ ಖಾಸಗಿ ವಿಷಯ ಅಂತ ತಿಳಿದು ನೋಡಬಹುದೇ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. ನನಗೆ ಹೆಮ್ಮೆಯೇ ಆಯಿತು.

“ತಗೀಯವ್ವಾ, ಧಾರಾಳ ತಗಿ. ಅದರಾಗೇನೈತಿ ಮುಚ್ಚಿಡೂದು” ಅಂದೆ.

ಸಂಜೆ ಯಂತ್ರ ಸಿದ್ಧವಾಗಿತ್ತು. ಹಳೆಯ ಡಿಸ್ಕನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಇದನ್ನೂ ಇಟ್ಟುಕೊಳ್ಳಿ ಅಂತ ಕೈಗೆ ಕೊಟ್ಟಳು. ಮನೆಗೆ ಬಂದು ಗುಂಡಿ ಒತ್ತಿದೆ. ಹಳೆಯ ರೂಢಿಯಂತೆ ಟವೆಲು ಹೆಗಲಿಗೆ ಹಾಕಿಕೊಂಡು ತಿರುಗಿದರೆ ಅದು ಆಗಲೇ ಎದ್ದು ಕೂತಿದೆ. ನನ್ನ ಪಾಠದ ಟಿಪ್ಪಣಿ ಇದ್ದವು, ಮಗಳ ಮದುವೆಯ ಫೋಟೋ ಇದ್ದವು, ಯಾರೋ ಕಳಿಸಿದ ಶುಭೋದಯಗಳು ಒಂದೂ ಬಿಡದಂತೆ ಇದ್ದವು. ‘ಮನಿ’ ಇರಲಿಲ್ಲ.

ಫೋನು ಮಾಡಿದೆ. ರೇಣುಕಾ ಬಹಳ ಸಹಜವಾಗಿ, “ಹೊಸಾದು ಸಣ್ಣದೈತ್ರಿ ಸರ, ಹಳೇದೆಲ್ಲಾ ಹಿಡಸಲಿಲ್ಲ. ಮನಿ ಕಟ್ಟಿಸಿದಾಗಿನ ವಿಡಿಯೋ ಏನರ ಇರಬೇಕು ಅಂತ ತಿಳದು, ಹಳೇ ಡಿಸ್ಕಿನಾಗಿಂದನ ತಗದು ಉಳದದ್ದು ಇಳಿಸಿದ್ನಿ. ನಿಮ್ಮನ್ನ ಕೇಳಿದ್ನೆಲ್ರಿ, ನೀವ ತಗಿ ಅಂದ್ರಿ” ಅಂದಳು.

“ನಾ ಅಂದದ್ದು ಬಾಗಲಾ ತಗದಂಗ ರೇಣುಕಾ.”

ರೇಣುಕಾ ಸಣ್ಣ ದನಿಯಲ್ಲಿ, “ನಾ ಹಲ್ಲ ತಗದಂಗ ತಗದೇನ್ರಿ ಸರ” ಅಂದಳು.

ನೋಡಿ ಈ ಮಾತಿನ ಚಂದ. ಬಾಗಿಲು ತೆಗೆದರೆ ಬಾಗಿಲು ಇರುತ್ತದೆ, ಹಲ್ಲು ತೆಗೆದರೆ ಹಲ್ಲು ಇರುವುದಿಲ್ಲ. ಫೋಟೋ ತೆಗೆದರೆ ಇಲ್ಲದ್ದು ಬರುತ್ತದೆ, ಕಲೆ ತೆಗೆದರೆ ಇದ್ದದ್ದು ಹೋಗುತ್ತದೆ. ಕಣ್ಣು ತೆಗೆದರೆ ಒಳ್ಳೆಯದು, ಜಗಳ ತೆಗೆದರೆ ಕೆಟ್ಟದ್ದು. ನಾನಾರ್ಥದ ಪದಗಳು ಅಂತ ಪರೀಕ್ಷೆಗೆ ಒಂದು ಪ್ರಶ್ನೆ ಇರುತ್ತಿತ್ತು. ಮೂವತ್ತು ವರ್ಷ ಅದನ್ನು ನಾನೇ ಕಲಿಸಿದವನು. ರೇಣುಕಾಳಿಗೂ ನಾನೇ ಕಲಿಸಿದ್ದು. ಕಲಿಸಿದವನೂ ಕಲಿತವಳೂ ಸೇರಿ ಒಂದೇ ಪದಕ್ಕೆ ಎಡವಿ ಬಿದ್ದೆವು. ಆದರೆ ಆ ಸಂಜೆ ನನಗೆ ಇದರಲ್ಲಿ ಯಾವ ಚಂದವೂ ಕಾಣಲಿಲ್ಲ. ಖಾಲಿ ಪರದೆಯ ಮುಂದೆ ಕೂತು ಅತ್ತೆ. ಹೆಂಡತಿ ಹೋದ ದಿನ ನೆಂಟರಿಷ್ಟರ ನಡುವೆ ಅಳುವುದಕ್ಕೆ ಬಿಡುವಿರಲಿಲ್ಲ, ಇವತ್ತು ಇತ್ತು. ಶಾಸನದ ಶಾಪದವನು ಹೇಳಿದ ಪಾಪ ಯಾರ ತಲೆಗೆ ಬರಬೇಕು ಅಂತಲೂ ಯೋಚಿಸಿದೆ. ತಗಿ ಅಂದವನು ನಾನು. ಒಂಬತ್ತನ್ನು ಜತನ ಮಾಡುತ್ತೇನೆ ಅಂತ ಕೇಳದೆ ಇಟ್ಟವನೂ ನಾನೇ.

ಮರುದಿನ ಮೊದಲ ಬಸ್ಸಿಗೆ ಹಳೆಯ ಡಿಸ್ಕು ಹಿಡಿದುಕೊಂಡು ಶಿಗ್ಗಾವಿಗೆ ಹೋದೆ. ರೇಣುಕಾ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು, ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. “ಇದರ ಮ್ಯಾಲ ಹೊಸದೇನೂ ಬರದಿಲ್ಲಲ್ರಿ? ಹಂಗಾರ ಸಿಗತಾವ. ಅಳಸಿದಾಗ ಯಾದಿಯೊಳಗಿನ ಹೆಸರು ಅಷ್ಟ ಹೋಗತೈತಿ ಸರ, ಒಳಗಿಂದು ಇನ್ನೂ ಅಲ್ಲೇ ಇರತೈತಿ” ಅಂದಳು. ನನಗೆ ತಕ್ಷಣ ಅರ್ಥವಾಯಿತು. ಎಷ್ಟೋ ಊರಲ್ಲಿ ಶಾಸನದ ಕಲ್ಲನ್ನು ಬೋರಲು ಹಾಕಿ ಬಟ್ಟೆ ಒಗೆಯುತ್ತಾರೆ. ಕಲ್ಲು ಕಳೆದಿದೆ ಅಂತ ಊರು ಅಂದುಕೊಂಡಿರುತ್ತದೆ, ಅಕ್ಷರ ಕೆಳಗೆ ತಣ್ಣಗೆ ಇರುತ್ತವೆ. ಅಂಥ ಕಲ್ಲು ಎತ್ತಿಸುವುದಕ್ಕೆ ನಾನೂ ನನ್ನ ಹೆಂಡತಿಯೂ ಎಷ್ಟು ಮನೆಯ ಹಿತ್ತಲಲ್ಲಿ ಕಾದಿದ್ದೇವೆ. ಇವತ್ತು ಒಬ್ಬನೇ ಸ್ಟೂಲಿನ ಮೇಲೆ ಕೂತು ಕಾದೆ.

ಮಧ್ಯಾಹ್ನದ ಹೊತ್ತಿಗೆ ಒಂದೊಂದಾಗಿ ಬಂದವು. ಮೂವತ್ತಾರು ಸಿಕ್ಕವು, ಐದು ಸಿಗಲಿಲ್ಲ. ಬರೋಬ್ಬರಿ ಇವೆಯೋ ನೋಡೋಣ ಅಂತ ರೇಣುಕಾ ಒಂದನ್ನು ಒತ್ತಿದಳು. ಹೈವೇದ ಲಾರಿಗಳ ಸದ್ದಿನ ನಡುವೆ, ಸ್ಕ್ರೂಗಳ ಡಬ್ಬಿಗಳ ನಡುವೆ, ನನ್ನ ಹೆಂಡತಿ ಒಂದು ಕೆರೆಗೆ ಬಿಟ್ಟ ಭೂಮಿಯ ಎಲ್ಲೆ ಓದತೊಡಗಿದಳು. ರೇಣುಕಾ ತಟ್ಟನೆ ನಿಲ್ಲಿಸಿದಳು. “ಅಮ್ಮಾರ ದನಿ ಅಲ್ಲೇನ್ರಿ ಇದು?” ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೂರು ಕಡೆ ನಕಲು ಮಾಡಿ ಕೊಟ್ಟಳು. ಆಮೇಲೆ, “ಹೆಸರು ಒಂದೂ ಉಳದಿಲ್ರಿ ಸರ. ಬರೇ ನಂಬರ್ ಅದಾವ” ಅಂದಳು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬರುವಾಗ ಒಂದು ನಕಲನ್ನು ಮಗಳಿಗೆ ಅಂತ ಬೇರೆ ಜೇಬಿನಲ್ಲಿ ಇಟ್ಟುಕೊಂಡೆ.

ಮನೆಗೆ ಬಂದು ತೆರೆದು ನೋಡಿದಾಗ ತಿಳಿಯಿತು. ಮೂವತ್ತಾರು ಸಾಲಾಗಿ ನಿಂತಿವೆ, ಯಾವುದರ ಮುಂದೆಯೂ ‘ಆಯ್ತು’ ಇಲ್ಲ. ಯಾವುದು ಕೇಳಿದ್ದು, ಯಾವುದು ಕೇಳದ್ದು, ಹೋದ ಐದು ಯಾವುವು, ಒಂದೂ ಗೊತ್ತಾಗುವ ಹಾಗಿಲ್ಲ. ಕೇಳಿಯೇ ತಿಳಿಯಬೇಕು. ಕೇಳಿದರೂ ತಿಳಿಯುತ್ತದೆ ಅಂತ ಭರವಸೆ ಇಲ್ಲ, ಯಾಕೆಂದರೆ ಎರಡರಷ್ಟಾದದ್ದು ಯಂತ್ರದ ನೆಪ್ಪು ಮಾತ್ರ, ನನ್ನದಲ್ಲ. ಒಂಬತ್ತೇ ಉಳಿದಿವೆ ಅಂತ ಬೀಗ ಹಾಕಿಕೊಂಡು ಕೂತವನಿಗೆ ಈಗ ಮೂವತ್ತಾರೂ ಬಾಕಿ.

ಮೊದಲನೆಯದನ್ನು ಒತ್ತಿದೆ. ತಡವರಿಸದೆ, ಅವಳು ಓದುತ್ತಿದ್ದ ಹಾಗೆಯೇ ಬಂತು. ಒಂದು ಪುಟ ಓದಿದಳು. ಇದನ್ನು ಹಿಂದೆ ಕೇಳಿದ್ದೆನೋ ಇಲ್ಲವೋ, ದೇವರಾಣೆ ಗೊತ್ತಾಗಲಿಲ್ಲ. ಪುಟ ಮಗುಚಿದ ಸದ್ದಾಯಿತು. ಯಂತ್ರದ ಮುಂದೆ ತಾನೊಬ್ಬಳೇ ಕೂತಿದ್ದೇನೆ ಅನ್ನುವುದನ್ನು ಮರೆತು, ನಾನು ಎದುರಿಗೆ ಇದ್ದೇನೆ ಅಂತಲೇ ತಿಳಿದು ಕೇಳಿದಳು, “ಬರಕೊಂಡ್ರೇನು? ಮುಂದ ಹೋಗ್ಲೇನ್ರಿ?”

ಮೂರು ವರ್ಷದ ಹಿಂದೆ ಅವಳು ಈ ಮಾತು ಕೇಳದೆಯೇ ಹೋಗಿದ್ದಳು. ನಾನು ಬೇಗನೆ ನಿಲ್ಲಿಸುವ ಗುಂಡಿ ಒತ್ತಿದೆ.

“ತಡಿ, ಇನ್ನೂ ಬರದಾಗಿಲ್ಲ” ಅಂದೆ.