ತಟ್ಟುವ ಕೈ

“ಬಂತಪ್ಪ ದೇವರ ಜೋಡಿ, ಟೀವಿ ಸದ್ದು ಕಮ್ಮಿ ಮಾಡಿ!”

ಮೆಟ್ಟಿಲ ಮೇಲೆ ಆ ಇಬ್ಬರ ಚಪ್ಪಲಿ ಸದ್ದು ಕೇಳಿದರೆ ಸಾಕು, ಆ ಕಟ್ಟಡದ ಮನೆಮನೆಯಲ್ಲೂ ಇದೇ ಪಿಸುಮಾತು. ನಲ್ಲಿ ಬಿಟ್ಟವರು ನಲ್ಲಿ ನಿಲ್ಲಿಸುವರು, ಜಗಳಕ್ಕೆ ನಿಂತ ಗಂಡಹೆಂಡಿರು ಜಗಳ ಅಲ್ಲಿಗೇ ಬಿಟ್ಟು ಒಂದಾಗುವರು, ಕೆಮ್ಮು ಬಂದವರು ದಿಂಬಿಗೆ ಬಾಯಿ ಒತ್ತುವರು. ಆಮೇಲೆ ಬಾಗಿಲ ಮೇಲೆ ಬೆರಳ ಗೆಣ್ಣು ಬೀಳುವುದು. ಟಕ್, ಟಕ್, ಒಂದು ಉಸಿರು ತಡೆದು, ಇನ್ನೊಂದು ಟಕ್. ಹಾಲುಗಲ್ಲದ ಕೂಸಿಗೂ ಆ ತಟ್ಟು ಗೊತ್ತಿತ್ತು. ಎದುರು ಮನೆಯ ಡ್ರೈವರು ಮಾತ್ರ ಒಮ್ಮೆ ಬಾಗಿಲು ತೆರೆದ. “ನನ್ನ ಆತ್ಮ ಇಸ್ತ್ರಿಗೆ ಹೋಗಿದೆ ಯಜಮಾನ್ರೇ, ಬಂದ್ಮೇಲೆ ಹೇಳಿ ಕಳಿಸ್ತೀನಿ” ಅಂದ. ಅಜ್ಜ ಗಂಭೀರವಾಗಿ ತಲೆಯಾಡಿಸಿದ. ಹಿಂದೆ ನಿಂತ ಅಜ್ಜಿ ಕೊಡೆಯ ಮರೆಯಲ್ಲಿ ನಕ್ಕಳು. ಆ ವಾರವೆಲ್ಲ ಆಕೆಗೆ ಸಿಕ್ಕ ನಗು ಅದೊಂದೇ.

ಅಜ್ಜ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದವನು. ಅಜ್ಜಿ ತಮ್ಮೂರಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದವಳು. ಅಜ್ಜ ನಿವೃತ್ತನಾದ ಮೇಲೆ ಒಂದು ಭಾನುವಾರ ಪಾದ್ರಿಗಳು, “ಹೊರದೇಶದಲ್ಲಿರೋ ನಮ್ಮ ಭಾಷೆಯೋರಿಗೆ ಸುವಾರ್ತೆ ಸಾರೋಕೆ ವಯಸ್ಸಾದ ದಂಪತಿಗಳು ಬೇಕು, ಯಾರು ಸಿದ್ಧ?” ಅಂತ ಕೇಳಿದರು. ಅಜ್ಜ ಎತ್ತಿದ್ದು ಒಂದೇ ಕೈ. ಎಣಿಸಿದವರು ಎರಡು ಅಂತ ಬರೆದುಕೊಂಡರು. ಹಾಗೆ ಬಂದ ಸೇವೆಗೆ ಒಂದು ಕಟ್ಟಳೆ ಇತ್ತು: ಹೋದರೆ ಇಬ್ಬರೂ ಜೊತೆಗೇ ಹೋಗಬೇಕು, ಒಬ್ಬರೇ ಯಾರ ಹೊಸ್ತಿಲನ್ನೂ ತುಳಿಯಬಾರದು.

ಅಜ್ಜಿಗೆ ದೇವರ ಮೇಲೆ ದೂರೇನೂ ಇರಲಿಲ್ಲ. ಬೇಕಾಗಿದ್ದದ್ದು ಇಷ್ಟೇ. ಊರಿಗೆ ಹಿಂದಿರುಗುವ ಮೊದಲು ಒಂದು ಮನೆಯವರಾದರೂ “ಬಾ, ಕೂತ್ಕೋ” ಅನ್ನಬೇಕು. ಪರಲೋಕದ ಮಾತಿಗಲ್ಲ, ಸುಮ್ಮನೆ.

ಅವರ ಮನೆಯ ಕೆಳಗೇ ಒಬ್ಬ ದರ್ಜಿ ಹೆಂಗಸು ಇದ್ದಳು. ಮಧ್ಯಾಹ್ನ ಅಜ್ಜ ಗೋಡೆಗೆ ಮುಖ ಮಾಡಿ ಮಲಗಿದರೆ ಅಜ್ಜಿ ಅಡುಗೆಮನೆಯ ಕುರ್ಚಿಯಲ್ಲಿ ಬರಿಗಾಲಲ್ಲಿ ಕೂರುವಳು. ನೆಲದ ಕೆಳಗಿನಿಂದ ಹೊಲಿಗೆ ಯಂತ್ರದ ಚಕ್ರದ ಸದ್ದು ಅಂಗಾಲಿಗೆ ಹತ್ತುವುದು. ಉದ್ದಕ್ಕೂ ಓಡಿದರೆ ಪರದೆಯ ಅಂಚು. ನಿಂತು ನಿಂತು ಓಡಿದರೆ ತೋಳು. ತನಗೆ ಗೊತ್ತಿಲ್ಲದೆಯೇ ಅಜ್ಜಿಯ ಕಾಲೂ ನೆಲ ತುಳಿಯುತ್ತಿತ್ತು. ಮಾತಾಡದೆ, ಮುಖ ನೋಡದೆ, ಮೇಲೊಬ್ಬಳು ಕೆಳಗೊಬ್ಬಳು ಹೊಲಿಯುತ್ತಿದ್ದರು. ಅದು ಕೆಳಗಿನವಳಿಗೆ ತಿಳಿದಿರಲಿಲ್ಲ, ಅಷ್ಟೇ.

ಸೇವೆಯ ಕೊನೆಯ ವರ್ಷ, ಶಾಲೆಯ ರಜೆಯಲ್ಲಿ ಮಗಳು ತನ್ನ ಪುಟ್ಟ ಹುಡುಗಿಯನ್ನು ಕಟ್ಟಿಕೊಂಡು ನೋಡಲು ಬಂದಳು. ಚೀಲ ಕೆಳಗಿಡುವ ಮೊದಲೇ ಶುರುವಾಯಿತು.

“ಊರೋರ ಬಾಗಿಲೆಲ್ಲ ನಿಂಗೆ ಬಾಯಿಪಾಠ, ನನ್ನ ಬಾಗಿಲು ಮಾತ್ರ ಮರ್ತೋಗಿದೆ. ಅದಕ್ಕೇ ಬಾಗಿಲನ್ನೇ ಹೊತ್ಕೊಂಡು ಬಂದೆ ನೋಡಮ್ಮ.”

“ಹೊತ್ಕೊಂಡು ಬಂದೋಳು ಒಳಗೆ ಬಾ, ಚೌಕಟ್ಟಿಗೆ ತಾಗೀತು” ಅಂದಳು ಅಜ್ಜಿ. ತಾಯಿಮಗಳು ತಬ್ಬಿಕೊಂಡು ನಕ್ಕರು, ಅತ್ತರು.

ಎರಡು ದಿನ ಕಳೆಯಲಿಲ್ಲ, ಮೊಮ್ಮಗಳು ಕಾಣೆ. ಹುಡುಕಿದರೆ ಕೆಳಗಿನ ಮನೆಯಲ್ಲಿ ಅಳತೆಯ ಟೇಪನ್ನು ಮಾಲೆಯಂತೆ ಕೊರಳಿಗೆ ಹಾಕಿಕೊಂಡು ಮೆರೆಯುತ್ತಿದ್ದಾಳೆ! ಮೇಲೆ ಬಂದ ಮೇಲೆ ಅಜ್ಜಿ ಗುಟ್ಟಾಗಿ ಕೇಳಿದಳು, “ಅವರು ಬಾಗಿಲು ಹೇಗೆ ತೆಗೆದ್ರೇ?”

“ಕಾಲಲ್ಲಿ ಒದ್ದೆ. ‘ಅತ್ತೇ, ನಿಮ್ಮನೇಲಿ ಬಣ್ಣದ ಬಟ್ಟೆ ಚೂರು ಇದ್ಯಾ’ ಅಂತ ಕೂಗಿದೆ. ಅಜ್ಜೀ, ನಿಂಗೂ ಹೊಲಿಗೆ ಬರುತ್ತೆ ಅಂದೆ. ‘ಹೌದಾ? ಬರೋಕೆ ಹೇಳು’ ಅಂದ್ರು. ಆದ್ರೆ ದೇವರ ಪುಸ್ತಕ ತರ್ಬಾರ್ದಂತೆ.”

ಅಜ್ಜಿಗೆ ಹಬ್ಬವಾಯಿತು. ಅಜ್ಜನಿಗೆ ಹೇಳಿದರೆ ಅವನು ಹುಬ್ಬೇರಿಸಿದ.

“ಪುಸ್ತಕ ಇಲ್ದೆ ಹೋಗೋದಾ? ಕತ್ತಿ ಇಲ್ದೆ ಕ್ಷೌರಕ್ಕೆ ಹೋದ ಹಾಗೆ.”

“ಕ್ಷೌರ ಬೇಡ ಅಂದೋರ ಮನೆಗೆ ಕತ್ತಿ ಯಾಕ್ರೀ? ನಾನೊಬ್ಳೇ ಹೋಗಿ ಬರ್ತೀನಿ.”

“ಒಬ್ಬಳೇ ಹೋಗೋದು ಕ್ರಮ ಅಲ್ಲ. ನಾನೂ ಬರ್ತೀನಿ, ತುಟಿ ಬಿಚ್ಚಲ್ಲ. ಆಯ್ತಾ?”

ಹೋದರು. ದರ್ಜಿ ಹೆಂಗಸು ಚೂರುಬಟ್ಟೆ ಸರಿಸಿ ಅಜ್ಜನಿಗೆ ಕುರ್ಚಿ ಕೊಟ್ಟಳು. ಅಜ್ಜಿಯನ್ನು ಹೊಲಿಗೆ ಯಂತ್ರದ ಮುಂದೆಯೇ ಕೂರಿಸಿದಳು. ಅಂಚು ಮಡಿಸಿಟ್ಟ ಒಂದು ನೀಲಿ ಪರದೆ. ಅಜ್ಜಿ ಕಾಲಿಟ್ಟಳು. ಚಕ್ರ ತಿರುಗಿತು, ಬಟ್ಟೆ ನೀರಿನಂತೆ ಹರಿಯಿತು. ಎಷ್ಟು ವರ್ಷದ ಮೇಲೆ!

“ಒಳ್ಳೆ ಕೈ ನಿಮ್ದು. ನಮ್ಮನೆಯೋರು ತೀರಿಹೋದ್ಮೇಲೆ ನಂಗೆ ಈ ಸದ್ದೇ ಜೊತೆ” ಅಂದಳು ಆಕೆ.

“ನಂಗೂ” ಅನ್ನಬೇಕೆಂದು ಅಜ್ಜಿ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜ ಗಂಟಲು ಸರಿಮಾಡಿಕೊಂಡ. ಕೋಟಿನ ಒಳಜೇಬಿನಿಂದ ಪುಸ್ತಕ ಹೊರಬಂತು.

“ತೀರಿಹೋದೋರನ್ನ ಮತ್ತೆ ನೋಡ್ತೀವಿ ಅನ್ನೋ ನಂಬಿಕೆ ನಿಮಗಿದ್ಯಾ, ತಾಯಿ?”

ಅರ್ಧ ಅಂಚಿನಲ್ಲಿ ಅಜ್ಜಿಯ ಕಾಲು ನಿಂತಿತು. ದರ್ಜಿ ಹೆಂಗಸು ಎದ್ದು ನಿಂತು, “ಒಲೆ ಮೇಲೆ ಹಾಲಿಟ್ಟಿದ್ದೆ” ಅಂದಳು. ಹಾಲಿನ ವಾಸನೆ ಎಲ್ಲೂ ಇರಲಿಲ್ಲ. ಇಬ್ಬರೂ ಎದ್ದು ಬಂದರು.

ಮೇಲೆ ಮಗಳು ಸಿಡಿದಳು. “ಒಂದ್ಗಳಿಗೆ ಸುಮ್ನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?”

“ನೋವಿರೋರ ಮುಂದೆ ಮದ್ದು ಜೇಬಲ್ಲಿಟ್ಕೊಂಡು ಹೇಗಮ್ಮಾ ಕೂರ್ಲಿ?” ಅಂದ ಅಜ್ಜ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದಕ್ಕೇ ಅಜ್ಜಿಗೆ ಬೈಯಲೂ ಆಗಲಿಲ್ಲ. ಬೈಯಲಾಗದ ಸಿಟ್ಟು ಬಿಸಿತುಪ್ಪವಿದ್ದಂತೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮಗಳು, ಮೊಮ್ಮಗಳು ಹೊರಟುಹೋದರು. ಮೊಮ್ಮಗಳು ಬಿಟ್ಟುಹೋದ ಬಟ್ಟೆ ಚೂರುಗಳು ಮಂಚದ ಕೆಳಗಿಂದ ಒಂದೊಂದಾಗಿ ಸಿಗುತ್ತಿದ್ದವು. ಕೆಳಗಿನ ಬಾಗಿಲು ಮತ್ತೆ ತೆರೆಯಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ದರ್ಜಿ ಹೆಂಗಸು ನಕ್ಕು, ಮಾತು ಬೆಳೆಯುವ ಮೊದಲೇ ಕೀಲಿ ಹುಡುಕುವಳು. ಮಧ್ಯಾಹ್ನ ಅಜ್ಜಿ ಈಗ ಚಪ್ಪಲಿ ಹಾಕಿಕೊಂಡೇ ಕೂರುತ್ತಿದ್ದಳು.

ಸೇವೆಯ ಗಡುವು ಮುಗಿದ ದಿನ ಅಜ್ಜ ಪೆಟ್ಟಿಗೆ ಇಳಿಸಿಕೊಂಡು ಮೊದಲೇ ಕೆಳಗೆ ಹೋದ. ಹೊತ್ತಿಗೆ ಸರಿಯಾಗಿ ರೈಲು ಕಳಿಸಿದ ಅಭ್ಯಾಸ, ಟ್ಯಾಕ್ಸಿಗೂ ಅವಸರ. ಅಜ್ಜಿ ಬರಿದಾದ ಕೋಣೆಗಳನ್ನು ಒಮ್ಮೆ ನೋಡಿ, ಕುರ್ಚಿಯನ್ನು ಮೇಜಿನಡಿಗೆ ತಳ್ಳಿ, ಬಾಗಿಲೆಳೆದುಕೊಂಡು ಹೊರಬಂದಳು. ಪುಸ್ತಕ ಪೆಟ್ಟಿಗೆಯಲ್ಲಿತ್ತು. ಅಜ್ಜ ಕೆಳಗಿದ್ದ. ಕಟ್ಟಳೆ ಇನ್ನು ಯಾರಿಗೆ? ಒಂದು ಅಂತಸ್ತು ಇಳಿದು ದರ್ಜಿ ಹೆಂಗಸಿನ ಬಾಗಿಲ ಮುಂದೆ ನಿಂತಳು. ಒಳಗೆ ಚಕ್ರ ಓಡುತ್ತಿತ್ತು. ಹೇಳಬೇಕಾದ ಮಾತು ಸಿದ್ಧವಾಗಿತ್ತು: ‘ನಾನೊಬ್ಳೇ ಬಂದಿದೀನಿ, ಆ ಅಂಚು ಮುಗಿಸಿಕೊಟ್ಟು ಹೋಗ್ಲಾ?’

ಕೈ ಎತ್ತಿದಳು.

ಟಕ್, ಟಕ್. ಒಂದು ಉಸಿರು. ಟಕ್.

ತಟ್ಟಿದ ಮೇಲೆಯೇ ಕಿವಿಗೆ ಬಿದ್ದದ್ದು. ಆಕೆ ಬೆಚ್ಚಿ ತನ್ನ ಕೈಯನ್ನೇ ನೋಡಿಕೊಂಡಳು. ಅಷ್ಟು ವರ್ಷ ಗಂಡನ ಬೆನ್ನ ಹಿಂದೆ ನಿಂತು ಕೇಳಿದ ತಟ್ಟು ಯಾವಾಗ ತನ್ನ ಕೈಗಿಳಿಯಿತೋ!

ಒಳಗೆ ಚಕ್ರ ನಿಂತಿತು. “ಇವತ್ತು ಬೇಡಮ್ಮಾ, ತುಂಬಾ ಕೆಲಸ ಇದೆ.” ದನಿ ಮೆತ್ತಗೇ ಇತ್ತು.

ನಾನೊಬ್ಳೇ ಅನ್ನಬೇಕಿತ್ತು. ಮುಚ್ಚಿದ ಬಾಗಿಲುಗಳಿಗೆ ಹೇಳಿ ಹೇಳಿ ಪಳಗಿದ ನಾಲಿಗೆ, ಮನಸ್ಸನ್ನು ಕೇಳದೆಯೇ ಹೇಳಿಬಿಟ್ಟಿತು:

“ಪರವಾಗಿಲ್ಲ, ಇನ್ನೊಂದ್ಸಲ ಬರ್ತೀವಿ.”

ಚಕ್ರ ಮತ್ತೆ ಓಡಿತು. ಉದ್ದಕ್ಕೆ, ತಡೆಯಿಲ್ಲದೆ. ಯಾವುದೋ ಅಂಚು.

ಬಾಗಿಲ ಸಂದಿಯಲ್ಲಿ ಅಜ್ಜ ನಿನ್ನೆ ಸಿಕ್ಕಿಸಿದ್ದ ಕರಪತ್ರ ಹಾಗೇ ಇತ್ತು, ನಾಲ್ಕು ಮಡಿಕೆಯಾಗಿ, ಅಚ್ಚುಕಟ್ಟಾಗಿ. ಅಜ್ಜಿ ಸದ್ದಾಗದಂತೆ ಅದನ್ನು ಎಳೆದು ಚೀಲಕ್ಕೆ ಹಾಕಿಕೊಂಡಳು. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಮೆಟ್ಟಿಲ ಕಟಕಟೆ ಹಿಡಿದು ಇಳಿದಳು. ದಾರಿಯುದ್ದಕ್ಕೂ ಒಂದೊಂದೇ ಮನೆಯ ಟೀವಿ ಸದ್ದು ಕಮ್ಮಿಯಾಗುತ್ತಾ ಬಂತು.