ಪಾತ್ರೆಯಕ್ಕನ ಸಲಾಕ್ ಗಿಡ

ಪಾತ್ರೆಯ ತಳ ತಟ್ಟಿ, ಸದ್ದು ಕೇಳಿ, ಗಟ್ಟಿಯೋ ಟೊಳ್ಳೋ ಎಂದು ಹೇಳಬಲ್ಲ ಹೆಂಗಸು ಪಾತ್ರೆಯಕ್ಕ. ಅವಳ ಅಂಗಡಿಗೆ ಸರಕು ತರುವವರು ಬಾಗಿಲಲ್ಲೇ ಒಮ್ಮೆ ಬೆವರು ಒರೆಸಿಕೊಂಡು ಒಳಗೆ ಬರುತ್ತಿದ್ದರು. ಅಂಥವಳು ಕಡಲಾಚೆಯ ಮುಖ ಕಾಣದ ವ್ಯಾಪಾರಿಯಿಂದ ಗ್ಯಾರಂಟಿಯಿಲ್ಲದ ಬೀಜ ತರಿಸಿದಳೆಂದರೆ ಅದನ್ನು ಬುದ್ಧಿಭ್ರಮೆ ಅನ್ನಬೇಕು, ಇಲ್ಲವೇ ಪ್ರೀತಿ ಅನ್ನಬೇಕು. ಎರಡಕ್ಕೂ ರಸೀದಿ ಸಿಗುವುದಿಲ್ಲ.

ಸಲಾಕ್ ಪೂರ್ವದ ದ್ವೀಪಗಳ ಹಣ್ಣು. ಹೊರಗೆ ಹಾವಿನ ಮೈಯಂಥ ಚಿಪ್ಪು, ಒಳಗೆ ಬೆಳ್ಳುಳ್ಳಿ ಎಸಳಿನಂಥ ಬಿಳಿ ತೊಳೆ. ಬೀಜ ಒಣಗಿದರೆ ಸತ್ತಂತೆಯೇ. ಅದಕ್ಕೇ ಒದ್ದೆ ತೆಂಗಿನ ನಾರಿನಲ್ಲಿ ಸುತ್ತಿಕೊಂಡು ಬಂದಿತ್ತು. ಪಾರ್ಸೆಲ್ ಖರ್ಚೆಲ್ಲ ತನ್ನೊಬ್ಬಳ ತಲೆಗೆ ಯಾಕೆ ಎಂದು ಅವಳು ಎದುರು ಸಾಲಿನ ಬೀಗದಂಗಡಿಯ ಮುದುಕನನ್ನೂ ಪಾಲಿಗೆ ಸೇರಿಸಿಕೊಂಡಿದ್ದಳು. ಹಂಚುವಾಗ ದಪ್ಪ ಬೀಜಗಳು ಹೇಗೋ ಅವಳ ಕಡೆಗೇ ಉರುಳಿದವು. ಕೊನೆಗೆ ಬದುಕಿದ್ದು ಅವಳ ಹಿತ್ತಲಲ್ಲಿ ಒಂದು ಗಿಡ, ಅವನ ಹಿತ್ತಲಲ್ಲಿ ಒಂದು.

ಬುಡವೇ ಕಾಣದಷ್ಟು ಮುಳ್ಳು. ನೀರು ಹಾಕಲು ಹೋದಾಗಲೆಲ್ಲ ಗಿಡ ಅವಳ ರಕ್ತದಲ್ಲಿ ಬಡ್ಡಿ ವಸೂಲು ಮಾಡುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಮುಳ್ಳಿನೊಳಗಿಂದ ಕೆಂಪು ಹೂಗೊಂಚಲು ಇಣುಕಿತು. ಅವಳು ಮೊಣಕಾಲೂರಿ ಕೂತುಬಿಟ್ಟಳು. ಅಷ್ಟು ಒರಟು ಗಿಡದೊಳಗೆ ಇಷ್ಟು ಮೆತ್ತನೆಯದು ಎಲ್ಲಿ ಅಡಗಿತ್ತು? ಹೂವು ನೋಡನೋಡುತ್ತಲೇ ಕಪ್ಪಾಗಿ ಉದುರಿತು. ಮರುವರ್ಷವೂ ಅದೇ ಹಾಡು.

"ಬರೀ ಬೆಲೆ ಕೇಳಿ ಹೋಗೋ ಗಿರಾಕಿ ಇದು. ಕಿತ್ತು ಬಿಸಾಕು, ನೀರಿನ ಟ್ಯಾಂಕ್ ಕೂರಿಸೋಣ," ಎಂದ ಗಂಡ.

"ಮುಂದಿನ ಹೂವಿಗೂ ಕಾಯಿ ಕಟ್ಟದಿದ್ರೆ ನಾನೇ ಕಡಿಸ್ತೀನಿ ರೀ," ಎಂದಳು. ವ್ಯಾಪಾರದವಳು ಕೊಟ್ಟ ಮಾತು, ವಾಪಸ್ ಇಲ್ಲ.

ಬೀಗದಂಗಡಿಯ ಮುಂದೆ ಮಾತ್ರ ರಾಗ ಬೇರೆ.

"ನಮ್ಮನೇದು ಗೊಂಚಲು ಗೊಂಚಲು ಬಿಡ್ತಿದೆ ಅಣ್ಣ."

"ನಮ್ಮದೂ ಅಷ್ಟೇ ತಂಗಿ. ಹಂಚಿ ಹಂಚಿ ಕೈ ಸೋತುಹೋಯ್ತು."

ಒಬ್ಬರಿಗೊಬ್ಬರು ಒಂದು ಹಣ್ಣು ಕೊಟ್ಟಿದ್ದಿಲ್ಲ, ಕೇಳಿದ್ದೂ ಇಲ್ಲ. ಹೋಗದ ಸರಕನ್ನೇ ಹೆಚ್ಚು ಹೊಗಳಬೇಕೆಂಬುದು ಇಬ್ಬರಿಗೂ ಕಸುಬು ಕಲಿಸಿದ ಪಾಠ.

ಮತ್ತೆ ಹೂವು ಅರಳಿದ ಬೆಳಿಗ್ಗೆ ಅವಳು ಜಂಭ ಬಿಟ್ಟು ಬೀಜ ಕಳಿಸಿದವನಿಗೆ ಫೋಟೊ ಕಳಿಸಿದಳು. ತಕ್ಷಣ ಉತ್ತರ ಬಂತು: ಇದು ಹೆಣ್ಣು ಗಿಡ, ಗಂಡು ಗಿಡದ ಪರಾಗ ಸೋಕಿದರೆ ಮಾತ್ರ ಕಾಯಿ, ಅದೂ ಇವತ್ತು ನಾಳೆಯೊಳಗೆ.

ಊರಿಗೆಲ್ಲ ಇದ್ದದ್ದು ಇನ್ನೊಂದೇ ಸಲಾಕ್. ಅದು ಹಣ್ಣು ಬಿಡುವುದು ನಿಜವಾದರೆ ಅದೂ ಹೆಣ್ಣೇ, ಕಥೆ ಮುಗಿದಂತೆ. ಎದುರಿನವನು ಸುಳ್ಳುಗಾರನಾಗಿರಲಪ್ಪಾ ಎಂದು ಹಾರೈಸಿಕೊಂಡು ರಸ್ತೆ ದಾಟಿದ್ದು ಅವಳ ವ್ಯಾಪಾರದ ಬದುಕಿನಲ್ಲಿ ಅದೇ ಮೊದಲು.

ಮುದುಕ ಅರ ಹಿಡಿದು ಕೀಲಿ ಉಜ್ಜುತ್ತಿದ್ದ.

"ಅಣ್ಣ, ನಿಮ್ಮ ಗಿಡ ನಿಜವಾಗ್ಲೂ ಹಣ್ಣು ಬಿಡುತ್ತಾ?"

"ಯಾಕಮ್ಮ, ಅನುಮಾನನಾ?"

"ನಂದು ಒಂದು ಕಾಯಿನೂ ಕಟ್ಟಿಲ್ಲ. ಇಷ್ಟು ವರ್ಷ ಹೇಳಿದ್ದೆಲ್ಲ ಬುರುಡೆ. ಈ ಹೂವೂ ಉದುರಿದ್ರೆ ಗಿಡ ಕಡಿಸ್ಬೇಕು."

ಅರದ ಸದ್ದು ನಿಂತಿತು. ಮುದುಕ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ನಂದೂ ಬಿಟ್ಟಿಲ್ಲಮ್ಮ. ಹೂವಾಗುತ್ತೆ, ಹಳದಿ ಪುಡಿ ಉದುರಿಸುತ್ತೆ, ಒಣಗುತ್ತೆ. ಪೀಚು ಬೀಜ ತಗುಲಿಸಿದ್ಲಲ್ಲಾ ಅಂತ ದಿನಾ ನಿನ್ನ ಬೈಕೊಳ್ತಿದ್ದೆ."

"ಹಳದಿ ಪುಡಿನಾ! ಈಗ ಇದೆಯಾ?"

"ಉದುರ್ತಾನೇ ಇದೆ. ಗುಡಿಸಿ ಗುಡಿಸಿ ಸೊಸೆಗೆ ಸಾಕಾಗಿದೆ."

"ಎಷ್ಟಕ್ಕೆ ಕೊಡ್ತೀರಿ?" ನಾಲಿಗೆ ಅಭ್ಯಾಸಬಲದಿಂದ ಕೇಳಿಯೇಬಿಟ್ಟಿತು.

"ಕಸಕ್ಕೆ ರೇಟ್ ಹಾಕೋಷ್ಟು ಕೆಟ್ಟುಹೋಗಿಲ್ಲ ನಾನು. ನಡಿ, ನಡಿ."

ಅವನು ಹೂವಿನ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ತಂದ. ಅವಳು ಇಕ್ಕಳದಿಂದ ಮುಳ್ಳು ಸರಿಸಿ ಹಿಡಿದಳು. ಅವನು ಕಡ್ಡಿಯನ್ನು ಹೂವಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದ. ಚಿಟಿಕೆಗೂ ಸಾಲದ ಧೂಳು, ಬಿಸಿಲಿನಲ್ಲಿ ಒಂದು ಕ್ಷಣ ತೇಲಿ, ಕೆಂಪಿನ ಮೇಲೆ ಇಳಿಯಿತು. ಮಳೆ ತಾಗದಿರಲೆಂದು ಮೇಲೊಂದು ಸ್ಟೀಲ್ ಬೋಗುಣಿಯನ್ನು ಕೋಲು ಊರಿ ಕವುಚಿದರು.

ಕೆಲವು ವಾರಗಳ ನಂತರ, ಗಂಡ ಟ್ಯಾಂಕಿನ ಜಾಗ ಅಳೆಯಲು ಹಿತ್ತಲಿಗೆ ಬಂದಾಗ, ಅವಳು ಎದೆ ಗಟ್ಟಿ ಮಾಡಿಕೊಂಡು ಬೋಗುಣಿ ಎತ್ತಿದಳು. ಹೂವು ಕಪ್ಪಾಗಿರಲಿಲ್ಲ. ಅಲ್ಲಿ ಮೆಣಸಿನ ಕಾಳಿನಷ್ಟು ಕಾಯಿಗಳು ಒತ್ತೊತ್ತಾಗಿ ಕೂತಿದ್ದವು. ಅಷ್ಟು ಚಿಕ್ಕದರ ಮೈಮೇಲೂ ಆಗಲೇ ಚಿಪ್ಪುಗಳು, ಒಂದರ ಅಂಚಿಗೆ ಇನ್ನೊಂದು, ಸಾಲು ತಪ್ಪದ ಹಾಗೆ. ಒಂದು ಲೋಟ ಮಾಡಲು ಅಚ್ಚು ಬೇಕು, ಯಂತ್ರ ಬೇಕು, ಬೆಂಕಿ ಬೇಕು. ಇದಕ್ಕೆ ಸೊಸೆ ಗುಡಿಸಿ ಎಸೆಯುವ ಧೂಳು ಸಾಕಾಯಿತೇ!

ಗಂಡ ಬಗ್ಗಿದ. ಬಗ್ಗಿದವನು ಏಳಲಿಲ್ಲ. "ನೀವಿಬ್ರೂ ಅವತ್ತು ಉದುರಿಸಿದ ಆ ಪುಡಿಯಿಂದಾನಾ ಇದು?"

"ಹೌದು ರೀ."

ಸುದ್ದಿ ಕೇಳಿದ ಮುದುಕ ತನ್ನ ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಓಡಿ ಬಂದ. "ಎಲ್ಲಿ ತಂಗಿ, ಎಲ್ಲಿ, ತೋರ್ಸು!" ಎಂದು ಹಿತ್ತಲ ಬಾಗಿಲಲ್ಲೇ ಕೂಗಿದ.

ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಗಂಡ ತಿರುಗಿ, ತುಟಿಗೆ ಬೆರಳಿಟ್ಟ. "ಮೆಲ್ಲಗೆ," ಎಂದ, ಆಗಷ್ಟೇ ಮಗು ಮಲಗಿದ ಮನೆಯಲ್ಲಿ ಹೇಳುವ ಹಾಗೆ.