ಮುನಿವೆಂಕಟಪ್ಪ ಕಟ್ಟಿದ ಕಮಾನು

ಮುನಿವೆಂಕಟಪ್ಪ ಒಳ್ಳೆಯ ಮನುಷ್ಯನೆಂದು ನಾನು ಬರೆಯುವುದಿಲ್ಲ. ಸಾಯುವತನಕ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಯಾರ ಮೇಲಾದರೂ ಹಗೆ ಹಿಡಿದನೆಂದರೆ ಅದನ್ನು ಆರಲು ಬಿಡುತ್ತಿರಲಿಲ್ಲ. ನಾನು ಕೆಂಗೇರಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಕ್ಷಮೆ ದೊಡ್ಡ ಗುಣ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಆದರೂ ಚನ್ನವೀರಪ್ಪನ ವಿಷಯದಲ್ಲಿ ಅವನು ಮಾಡಿದ್ದು ಸರಿ ಎಂದೇ ಇವತ್ತಿಗೂ ನನಗೆ ಅನ್ನಿಸುತ್ತದೆ.

ಅವನ ಶೆಡ್ಡು ನಮ್ಮ ಶಾಲೆಯ ಎದುರಿಗೆ, ಮೈಸೂರು ರಸ್ತೆಯ ಪಕ್ಕದಲ್ಲಿತ್ತು. ಅಪ್ಪ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹೊಡೆಯುತ್ತಿದ್ದವನು. ಮಗ ಯುದ್ಧದ ಕಾಲದಲ್ಲಿ ಬೆಂಗಳೂರಿನ ಒಂದು ಮಿಲಿಟರಿ ವರ್ಕ್‌ಶಾಪಿಗೆ ಸೇರಿ, ನಾಲ್ಕು ವರ್ಷ ಲಾರಿ ಜೀಪುಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಕಮಾನು ಪಟ್ಟಿಯ ಕೆಲಸ ಕಲಿತು ಬಂದ. ಗಾಡಿಯ ಮೈಗೂ ಚಕ್ರಕ್ಕೂ ನಡುವೆ ಬಿಲ್ಲಿನಂತೆ ಬಾಗಿಸಿ, ಒಂದರ ಮೇಲೊಂದು ಜೋಡಿಸಿ ಕಟ್ಟುವ ಉಕ್ಕಿನ ಪಟ್ಟಿಗಳವು. ಎಲ್ಲಕ್ಕಿಂತ ಉದ್ದನೆಯದು ತಾಯಿ ಪಟ್ಟಿ. ಅದು ಮುರಿದರೆ ಚಕ್ರ ತನ್ನ ಜಾಗ ಬಿಟ್ಟು ಸರಿಯುತ್ತದೆ, ಆಮೇಲೆ ಸ್ಟೀರಿಂಗ್ ಹಿಡಿದವನು ಯಾವ ದೇವರನ್ನು ಕರೆದರೂ ಅಷ್ಟೇ.

ಪಟ್ಟಿ ಆರಿಸುವಾಗ ಅವನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಗ್ಗಕ್ಕೆ ನೇತುಹಾಕಿ, ಸುತ್ತಿಗೆಯ ತುದಿಯಿಂದ ಒಮ್ಮೆ ತಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾದ ಕೊನೆಯತನಕ ಎಳೆದರೆ ಆ ಪಟ್ಟಿ ಒಳಕ್ಕೆ, ನಡುವೆ ಕುಂಟಿದರೆ ಹೊರಕ್ಕೆ. ಇನ್ನೊಂದು ಕಟ್ಟಳೆ ಇತ್ತು. ಕೆಲಸ ಮುಗಿದ ಮೇಲೆ ಗಾಡಿಯನ್ನು ಅವನೇ ಓಡಿಸಿಕೊಂಡು ವೃಷಭಾವತಿ ಹೊಳೆಯ ಕಲ್ಲುಗುಂಡುಗಳ ಮೇಲೆ ಆಚೆ ದಡಕ್ಕೆ ಹೋಗಿ ಬರಬೇಕು. ಪಕ್ಕದಲ್ಲಿ ಗಾಡಿಯ ಯಜಮಾನ ಕೂತಿರಲೇಬೇಕು. ಡ್ರೈವರನನ್ನೋ ಗುಮಾಸ್ತನನ್ನೋ ಕಳಿಸಿದರೆ ಒಪ್ಪುತ್ತಿರಲಿಲ್ಲ. 'ಕಟ್ಟಿದೋನೂ ಕಟ್ಟಿಸ್ಕೊಂಡೋನೂ ಒಟ್ಟಿಗೆ ದಾಟ್ಬೇಕು' ಎನ್ನುತ್ತಿದ್ದ. ದೊಡ್ಡ ದೊಡ್ಡವರೆಲ್ಲ ಪಂಚೆ ಎತ್ತಿಕಟ್ಟಿ ಅವನ ಪಕ್ಕ ಕೂತು ದಾಟಿದ್ದಾರೆ.

ಅವನ ತಂಗಿ ಅಕ್ಕಯ್ಯಮ್ಮ. ತಂಗಿಯ ಗಂಡ ಬೈಲಪ್ಪ ಕಲ್ಲಿನ ಕಂಟ್ರಾಕ್ಟರ್ ಚನ್ನವೀರಪ್ಪನ ಬಳಿ ಲಾರಿ ಡ್ರೈವರ್. ಆಗ ರಾಜಾಜಿನಗರ ಏಳುತ್ತಿದ್ದ ಕಾಲ. ಅಲ್ಲಿನ ತಳಪಾಯಗಳಿಗೆ ನಮ್ಮ ಕಡೆಯ ಗುಡ್ಡಗಳಿಂದ ಕಲ್ಲು ಹೋಗುತ್ತಿತ್ತು. ಐವತ್ತೈದರ ಬೇಸಿಗೆಯಲ್ಲಿ ಬೈಲಪ್ಪನ ಲಾರಿಯ ತಾಯಿ ಪಟ್ಟಿ ಬಿರುಕು ಬಿಟ್ಟಿತು. ಹೊಸದು ಹಾಕಲೇಬೇಕು ಎಂದು ಮುನಿವೆಂಕಟಪ್ಪ ಚನ್ನವೀರಪ್ಪನ ಮುಖಕ್ಕೇ ಹೇಳಿದ. ಹೊಸದು ಬರಲು ನಾಲ್ಕು ದಿನ ಬೇಕು, ನಾಲ್ಕು ದಿನ ಲಾರಿ ನಿಲ್ಲಬೇಕು. ಚನ್ನವೀರಪ್ಪ ಬೇರೆಲ್ಲೋ ಒಯ್ದು ಬಿರುಕಿಗೆ ಬೆಸುಗೆ ಹಾಕಿಸಿ ತಂದ. ಕಮಾನು ಪಟ್ಟಿಗೆ ಬೆಸುಗೆ ಹಾಕಬಾರದು, ಉಕ್ಕು ಆ ಜಾಗದಲ್ಲಿ ಗಾಜಿನ ಹಾಗೆ ಆಗುತ್ತದೆ. ಬೈಲಪ್ಪನಿಗೂ ಅದು ಗೊತ್ತಿತ್ತು. ಬೇಡ ಸ್ವಾಮಿ ಎಂದನಂತೆ. ಹತ್ತೋ ಎಂದನಂತೆ ಚನ್ನವೀರಪ್ಪ.

ಗುಡ್ಡದ ಇಳಿಜಾರಿನಲ್ಲಿ ಪಟ್ಟಿ ಎರಡು ತುಂಡಾಯಿತು. ಲಾರಿ ಹಳ್ಳಕ್ಕೆ ಮಗುಚಿ, ಬೈಲಪ್ಪ ಕಲ್ಲಿನ ಅಡಿಯಲ್ಲಿ ಹೋದ.

ಹೆಣ ಇನ್ನೂ ಅಂಗಳದಲ್ಲಿ ಇರುವಾಗಲೇ ಚನ್ನವೀರಪ್ಪ ಬಂದು, ಹೆಗಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡು, ಕುಡಿದು ಓಡಿಸಿದ ಎಂದುಬಿಟ್ಟ. ಬೈಲಪ್ಪ ಶನಿವಾರ ಸಂಜೆ ಒಂದಿಷ್ಟು ಹಾಕುತ್ತಿದ್ದದ್ದು ನಿಜ. ಅದಕ್ಕೇ ಊರು ನಂಬಿತು. ಅವನು ಹೋದದ್ದು ಮಂಗಳವಾರ ಬೆಳಿಗ್ಗೆ ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಕಯ್ಯಮ್ಮ ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಕುಡುಕನ ಹೆಂಡತಿ ಎನ್ನುವ ಹೆಸರು ಅಂಟಿಕೊಂಡಿತು. ಆ ಮಾತನ್ನು ಆಡಿದ ಬಾಯಿಂದಲೇ ವಾಪಸು ಆಡಿಸಬೇಕು ಎನ್ನುವುದೊಂದೇ ಮುನಿವೆಂಕಟಪ್ಪನ ತಲೆಯಲ್ಲಿ ಉಳಿಯಿತು. ಹಳ್ಳಕ್ಕಿಳಿದು ಮುರಿದ ಪಟ್ಟಿಯ ಎರಡು ತುಂಡನ್ನೂ ಎತ್ತಿಕೊಂಡು ಬಂದು ಶೆಡ್ಡಿನ ಗೋಡೆಗೆ ತಗುಲಿಹಾಕಿದ. ಒಂದು ವರ್ಷ ಅದರ ಕೆಳಗೇ ಕೂತು ಊಟ ಮಾಡಿದ.

ಮುಂದಿನ ವರ್ಷ ಚನ್ನವೀರಪ್ಪ ಮಿಲಿಟರಿಯವರು ವಿಲೇವಾರಿ ಮಾಡಿದ ಒಂದು ಜೀಪು ಕೊಂಡ. ಸ್ಟೀರಿಂಗು ಎಡಕ್ಕಿದ್ದ ಗಾಡಿ. ಕಲ್ಲು ಒಡೆಯಲು ಹಿಡಿದ ಹೊಸ ಬಂಡೆಗೆ ಹೋಗುವ ದಾರಿಯಲ್ಲಿ ಮೊಣಕಾಲೆತ್ತರದ ಕಲ್ಲುಗಳು, ಜೀಪಿನ ಹೊಟ್ಟೆ ತಗಲುತ್ತಿತ್ತು. ನಾಲ್ಕು ಅಂಗುಲ ಎತ್ತರಿಸಬೇಕಿತ್ತು. ಪೇಟೆಯ ಒಂದು ಗ್ಯಾರೇಜಿನವರು ಪಟ್ಟಿ ತೂಗುವ ಕೊಂಡಿಗಳನ್ನಷ್ಟೇ ಉದ್ದ ಮಾಡಿ ಎತ್ತರಿಸಿ ಕೊಟ್ಟರು. ಜೀಪು ತಿರುವಿನಲ್ಲಿ ವಾಲಾಡಿ ಮಗುಚಲು ಹೋಯಿತು. ಕೊನೆಗೆ, ನಾಚಿಕೆ ಎನ್ನುವುದು ಹುಟ್ಟಿನಿಂದಲೇ ಇಲ್ಲದ ಚನ್ನವೀರಪ್ಪ ಸೀದಾ ಮುನಿವೆಂಕಟಪ್ಪನ ಶೆಡ್ಡಿಗೇ ಬಂದ. ಮನುಷ್ಯ ಎಷ್ಟೇ ಸಿಟ್ಟಿನವನಾದರೂ ಅವನ ಕೈಯಿಂದ ಕೆಟ್ಟ ಕೆಲಸ ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತಲ್ಲ, ಅದನ್ನು ನಂಬಿಕೊಂಡು ಬಂದ. ಗೋಡೆಯ ಮೇಲಿನ ತುಂಡುಗಳನ್ನು ಅವನು ತಿರುಗಿಯೂ ನೋಡಲಿಲ್ಲ.

"ಹಳೇದೆಲ್ಲಾ ಮರೆತುಬಿಡಪ್ಪ. ಮುಂದಿನ ವಾರ ದೊಡ್ಡೋರು ಬಂಡೆ ನೋಡಕ್ಕೆ ಬರ್ತಾರೆ. ಭಾನುವಾರದೊಳಗೆ ಮಾಡ್ಕೊಡು" ಎಂದ.

"ಬಿಟ್ಟೋಗಿ. ಮಾಡ್ತೀನಿ" ಎಂದ ಮುನಿವೆಂಕಟಪ್ಪ.

ಸುದ್ದಿ ತಿಳಿದು ಅಕ್ಕಯ್ಯಮ್ಮ ಶೆಡ್ಡಿಗೇ ಬಂದು ನಿಂತಳು.

"ನನ್ನ ಗಂಡನ್ನ ತಿಂದೋನ ಗಾಡಿಗೆ ಕೈ ಹಾಕ್ತೀಯಲ್ಲಣ್ಣ, ನಿನಗೆ ಅನ್ನ ಹೆಂಗೆ ಇಳಿಯತ್ತೆ?"

"ಭಾನುವಾರ ಹೊಳೆ ಹತ್ರ ಬಾ. ಒಳ್ಳೆ ಸೀರೆ ಉಟ್ಕೊಂಡು ಬಾ" ಎಂದಷ್ಟೇ ಹೇಳಿ ಅವನು ಕುಲುಮೆಯ ಕಡೆ ತಿರುಗಿದ.

ಪಟ್ಟಿಗಳನ್ನು ಅವನು ಎಂದಿಗಿಂತ ಹೆಚ್ಚು ಆರಿಸಿದ. ಹಳೆ ಮಿಲಿಟರಿ ಸಾಮಾನಿನ ರಾಶಿಯಿಂದ ಇಪ್ಪತ್ತು ಪಟ್ಟಿ ತಟ್ಟಿ ನೋಡಿ ಹನ್ನೊಂದನ್ನು ಎಸೆದ. ಉದ್ದ ಕೊಂಡಿಗಳನ್ನು ಕಿತ್ತು ಮೊದಲಿನ ಅಳತೆಯವನ್ನು ಹಾಕಿದ. ಎತ್ತರವೆಲ್ಲ ಪಟ್ಟಿಯ ಬಾಗಿನಲ್ಲೇ ಬರಬೇಕು ಎಂದು ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಮಾಡಿದ. ಮೂರು ಚಕ್ರಗಳ ಕೆಲಸ ಕಣ್ಣಿಗೆ ಒತ್ತಿಕೊಳ್ಳುವಂತಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಒಳಗೆ ಹೋದಾಗ ಗೋಡೆ ಬರಿದಾಗಿತ್ತು. ಬೈಲಪ್ಪನ ಲಾರಿಯ ಆ ಎರಡು ತುಂಡನ್ನು ಮುರಿದ ಜಾಗದಲ್ಲೇ ಮತ್ತೆ ಬೆಸೆದು, ಜೀಪಿನ ಅಳತೆಗೆ ಕತ್ತರಿಸಿ, ಯಜಮಾನ ಕೂರುವ ಕಡೆಯ ಮುಂದಿನ ಚಕ್ರಕ್ಕೆ ತಾಯಿ ಪಟ್ಟಿ ಮಾಡಿ ಬೋಲ್ಟು ಬಿಗಿಯುತ್ತಿದ್ದ.

"ಅವನು ಹತ್ತಿ ಕೂತುಬಿಟ್ರೆ?" ಎಂದೆ.

"ಕೂರ್ಲಿ ಮೇಷ್ಟ್ರೇ. ಪಕ್ಕದಲ್ಲಿ ನಾನೂ ಇರ್ತೀನಲ್ಲ."

ಹೇಳಿದ ರೀತಿಯಲ್ಲಿ ಸಿಟ್ಟೂ ಇರಲಿಲ್ಲ. ನಾನು ಪೊಲೀಸರಿಗೋ ಪಟೇಲರಿಗೋ ಹೇಳಬಹುದಿತ್ತು. ಮನೆಗೆ ಹೋಗಿ ಮುದ್ದೆ ಉಂಡು ಮಲಗಿದೆ. ಚನ್ನವೀರಪ್ಪ ಹೊಳೆಯ ಕಲ್ಲುಗಳ ಮೇಲೆ ಬೀಳಲಿ ಎಂದು ನಾನೂ ಬಯಸುತ್ತಿದ್ದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಭಾನುವಾರ ಬೆಳಿಗ್ಗೆ ಹೊಳೆಯ ದಡದಲ್ಲಿ ಜನ ಸೇರಿತ್ತು. ಎತ್ತರಿಸಿದ ಜೀಪು ನೋಡಲು ಕ್ವಾರಿಯ ಆಳುಗಳು, ಚನ್ನವೀರಪ್ಪನ ಐದಾರು ಲಾರಿ ಡ್ರೈವರುಗಳು, ಬಟ್ಟೆ ಒಗೆಯಲು ಬಂದ ಅದೇ ಬಾವಿಕಟ್ಟೆಯ ಹೆಂಗಸರು. ಅಕ್ಕಯ್ಯಮ್ಮ ಹಿಂದೆ ಹುಣಸೆ ಮರದ ಹತ್ತಿರ ನಿಂತಿದ್ದಳು. ಚನ್ನವೀರಪ್ಪ ಗರಿಗರಿ ಪಂಚೆ ಉಟ್ಟು ಬಂದು, ಜೀಪಿನ ಸುತ್ತ ಒಂದು ಸುತ್ತು ಹಾಕಿ, ಕೈಯೆಂದರೆ ಇದಪ್ಪಾ ಎಂದು ಹೊಗಳಿದ. ಮುನಿವೆಂಕಟಪ್ಪ ಸ್ಟೀರಿಂಗಿನ ಹಿಂದೆ ಕೂತ. ಚನ್ನವೀರಪ್ಪ ಒಂದು ಕಾಲು ಮೇಲಿಟ್ಟ.

"ನಿಮ್ಮ ಕಡೆ ಚಕ್ರಕ್ಕೆ ಬೈಲಪ್ಪನ ಲಾರಿ ತಾಯಿ ಪಟ್ಟೀನೇ ಹಾಕಿದೀನಿ ಸ್ವಾಮಿ. ಬೆಸುಗೆ ಹಾಕಿದ್ದು. ಬಗ್ಗಿ ನೋಡ್ಬೋದು" ಎಂದ ಮುನಿವೆಂಕಟಪ್ಪ, ಎಲ್ಲರಿಗೂ ಕೇಳುವಂತೆ.

ಇಬ್ಬರು ಡ್ರೈವರುಗಳು ಬಗ್ಗಿ ನೋಡಿದರು. ಎದ್ದವರು ಜೀಪಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಚನ್ನವೀರಪ್ಪನ ಕಾಲು ಮೆಲ್ಲಗೆ ನೆಲಕ್ಕೆ ಬಂತು.

"ಏನು ತಮಾಷೇನೋ ಇದು? ತೆಗಿ ಅದನ್ನ."

"ಯಾಕೆ ತೆಗೀಬೇಕು? ಪಟ್ಟಿ ಗಟ್ಟಿಯಾಗೇ ಇತ್ತು, ಡ್ರೈವರ್ರು ಕುಡಿದಿದ್ದ ಅಂತ ನೀವೇ ಅಂದ್ರಲ್ಲ. ನಾನು ಕುಡಿದಿಲ್ಲ. ಬೇಕಾದ್ರೆ ಬಾಯಿ ಮೂಸಿ. ಬನ್ನಿ ಕೂತ್ಕೊಳಿ, ದಾಟೋಣ."

ಚನ್ನವೀರಪ್ಪ ಸುತ್ತ ನೋಡಿದ. ಅಷ್ಟು ಜನರ ಮುಂದೆ ಹಿಂದೆ ಸರಿಯುವುದು ಅವನಿಗೆ ಗೊತ್ತಿರಲಿಲ್ಲ. ಬೈಲಪ್ಪನ ಜಾಗಕ್ಕೆ ಬಂದಿದ್ದ ಹೊಸ ಡ್ರೈವರ್ ಗೋಪೀನಾಥ ಅಲ್ಲೇ ನಿಂತಿದ್ದ. ಅವನ ಕಡೆ ಕೈ ತೋರಿಸಿದ.

"ಏಯ್, ನೀನು ಹತ್ತೋ. ನನ್ನ ಬದ್ಲು ನೀನು ಕೂತ್ಕೋ."

ಗೋಪೀನಾಥ ಎರಡು ಹೆಜ್ಜೆ ಬಂದು ನಿಂತ. ಅವನಿಗೆ ಇಬ್ಬರು ಚಿಕ್ಕ ಮಕ್ಕಳಿದ್ದರು. ಜೀಪನ್ನು ನೋಡಿದ, ಯಜಮಾನನನ್ನು ನೋಡಿದ.

"ಬೈಲಣ್ಣನಿಗೂ ಹಿಂಗೇ ಹತ್ತೋ ಅಂದ್ರಾ ಸಾರ್?" ಎಂದು ಕೇಳಿ, ಹೆಗಲಿನ ಟವೆಲ್ಲು ಕೊಡವಿಕೊಂಡು ಡ್ರೈವರುಗಳ ನಡುವೆ ಹೋಗಿ ನಿಂತುಬಿಟ್ಟ. ಉಳಿದವರು ಅವನಿಗೆ ಜಾಗ ಬಿಟ್ಟರು. ಯಾರೂ ಚನ್ನವೀರಪ್ಪನ ಮುಖ ನೋಡಲಿಲ್ಲ.

ಚನ್ನವೀರಪ್ಪನ ತಾಳ್ಮೆ ಅಲ್ಲಿಗೆ ಹರಿಯಿತು. "ಬೆಸುಗೆ ಹಾಕಿದ ಪಟ್ಟಿ ಮೇಲೆ ಯಾವನು ಕೂರ್ತಾನೋ? ಮುರಿಯತ್ತೆ ಅಂತ ಗೊತ್ತಿದ್ದೂ ಕೂರೋಕೆ ನನಗೇನು ಹುಚ್ಚಾ?" ಎಂದು ಅರಚಿದ. ಅರಚಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಕೈ ಹಾಗೇ ಮೇಲೆ ನಿಂತಿತು.

ಮುನಿವೆಂಕಟಪ್ಪ ಜೀಪಿನಿಂದ ಇಳಿದು ಪಕ್ಕಕ್ಕೆ ಸರಿದ. ಹುಣಸೆ ಮರದ ಹತ್ತಿರದಿಂದ ಅಕ್ಕಯ್ಯಮ್ಮ ಬಂದಳು. ಜನ ದಾರಿ ಬಿಟ್ಟರು. ಚನ್ನವೀರಪ್ಪನ ಎದುರಿಗೆ ನಿಂತು, ಬಾವಿಕಟ್ಟೆಯ ಹೆಂಗಸರ ಕಡೆ ಒಮ್ಮೆ ತಿರುಗಿ ನೋಡಿ, ಅವನನ್ನು ಕೇಳಿದಳು.

"ಇನ್ನೊಂದ್ಸಲ ಹೇಳಿ. ನನ್ನ ಗಂಡ ಕುಡಿದಿರ್ಲಿಲ್ಲ ಅನ್ನೋದನ್ನೂ ಸೇರ್ಸಿ, ಜೋರಾಗಿ ಹೇಳಿ. ಹಿಂದೆ ನಿಂತೋರಿಗೆ ಕೇಳ್ಸಿಲ್ಲ."

ಅವನು ಹೇಳಿದ. ಮೂರು ಸಲ ಹೇಳಿಸಿದಳು.